ಒಟ್ಟು ತೂಕದಲ್ಲಿ ಅವಳನ್ನು ಕಳೆದರೆ

ಈ ಕಥೆಯನ್ನು ನಾಯಿ ಬೊಗಳುವುದರಿಂದ ಶುರು ಮಾಡಬಾರದು ಎಂದು ನಾನು ಮೊದಲೇ ನಿರ್ಧರಿಸಿದ್ದೆ. ಪ್ರಾಣಿಗಳ ಕ್ಲಿನಿಕ್ಕಿನ ಕಥೆ ಎಂದರೆ ಯಾರಾದರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗಾದರೆ ಎಲ್ಲಿಂದ? ಬಾಗಿಲ ಮೇಲಿನ ಬೋರ್ಡಿನಿಂದಲೇ? ಕಾಯುವವರ ಕೋಣೆಯ ಡೆಟಾಲ್ ವಾಸನೆಯಿಂದಲೇ? ಕೆಲಸ ಕೇಳಿಕೊಂಡು ಬಂದವಳ ಚಪ್ಪಲಿಯಿಂದಲೇ? ಮೂರನ್ನೂ ಬರೆದು ನೋಡಿದೆ. ಚಪ್ಪಲಿಯಿಂದ ಹೊರಟದ್ದು ಎರಡು ಪುಟ ದೂರ ಹೋಗಿ ಉಂಗುಷ್ಟ ಕಿತ್ತುಕೊಂಡು ಕೂತಿತು.

ನಾಯಿ ಬೊಗಳಿತು.

ಸರಿ, ಶುರುವಾಯಿತಲ್ಲ. ಮುಂದೆ ಹೋಗೋಣ.

೧ (ಕೈಬಿಟ್ಟದ್ದು)

ಇಪ್ಪತ್ತೆರಡು ವರ್ಷದ ಹುಡುಗಿ. ಡಿಗ್ರಿ ಮುಗಿದಿದೆ. ಮೊದಲ ಕೆಲಸಕ್ಕೆ ಮೊದಲ ಇಂಟರ್‌ವ್ಯೂ. ಕೈಯಲ್ಲಿ ನೀಲಿ ಫೈಲು, ಫೈಲಿನಲ್ಲಿ ಸರ್ಟಿಫಿಕೇಟು, ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸು. ‘ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳೆಂದರೆ ಪಂಚಪ್ರಾಣ’ ಎಂದು ಅರ್ಜಿಯಲ್ಲಿ ಬರೆದಿದ್ದಾಳೆ. (ಈ ವಾಕ್ಯ ಅವಳದ್ದು. ನನ್ನ ಮೇಲೆ ಹಾಕಬೇಡಿ.)

ಜೊತೆಗೆ ಅವಳ ಅಮ್ಮನನ್ನೂ ಕಳಿಸಿದ್ದೆ. ನೀರಿನ ಬಾಟಲಿ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು, ಅಷ್ಟೇ. ಇಡೀ ಕಥೆಯಲ್ಲಿ ಅಮ್ಮನಿಗೆ ನಾನು ಕೊಟ್ಟಿದ್ದು ಒಂದೇ ಮಾತು: “ಹೆದರ್ಕೋಬೇಡ ಕಣೇ.” ಅದನ್ನು ಹೇಳಿ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರೆ ಅವಳ ಪಾತ್ರ ಮುಗಿಯಿತು.

ಒಳಗೆ ಡಾಕ್ಟರಮ್ಮ ಇದ್ದರು. ಮೂವತ್ತೆರಡು ಮೂವತ್ತಮೂರರ ಹೆಂಗಸು, ಮಾತು ಕಡಿಮೆ, ತೋಳ ತುಂಬ ಬೆಕ್ಕು ಪರಚಿದ ಗೆರೆ. ಹುಡುಗಿಯ ಫೈಲನ್ನು ಅವರು ತೆರೆಯಲೇ ಇಲ್ಲ. ಕಿವಿ ಸೋರುತ್ತಿದ್ದ ಗಂಡು ಬೆಕ್ಕೊಂದನ್ನು ಎತ್ತಿ ಅವಳ ಕೈಗಿಟ್ಟು, “ಸ್ವಲ್ಪ ಹಿಡ್ಕೊಳ್ಳಿ” ಎಂದರು.

ಹುಡುಗಿ ಹಿಡಿದಳು. ಪೂರ್ತಿ ಒಂದು ನಿಮಿಷ. ಆಮೇಲೆ ಬೆಕ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಮೇಡಂ, ನಂಗೆ ಪ್ರಾಣಿಗಳು ನಿಜವಾಗ್ಲೂ ಇಷ್ಟ. ದಿನಾ ಫೋನಲ್ಲಿ ನೋಡ್ತೀನಿ. ಆದ್ರೆ ಫೋನಲ್ಲಿ ವಾಸನೆ ಬರಲ್ಲ.”

ಇಲ್ಲಿಗೆ ನನ್ನ ಕಥೆ ಮುಗಿಯಬೇಕಿತ್ತು. ಪೆನ್ನಿನ ಮುಚ್ಚಳವನ್ನೂ ಹಾಕಿದ್ದೆ. ಅಷ್ಟರಲ್ಲಿ ಡಾಕ್ಟರಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

“ಹೊರಗ್ಯಾಕೆ ಸದ್ದೇ ಇಲ್ಲ?”

ನಾನೂ ಗಮನಿಸಿರಲಿಲ್ಲ. ಹೊರಗೆ ಮೂರು ನಾಯಿ, ಎರಡು ಬೆಕ್ಕು, ಒಂದು ಗಿಳಿ ಇದ್ದವು. ಐದು ನಿಮಿಷದ ಹಿಂದೆ ಅಲ್ಲಿ ಪ್ರಳಯವಾಗುತ್ತಿತ್ತು. ಡಾಕ್ಟರಮ್ಮ ಹೋಗಿ ಬಾಗಿಲು ತೆರೆದರು. ನಾಯಿಗಳೆಲ್ಲ ಒಂದು ಕಡೆ. ನೆಲದ ಮೇಲಿದ್ದ ಬೆಕ್ಕಿನ ಬುಟ್ಟಿಗಳು ಈಗ ಎತ್ತರದ ಬೆಂಚಿನ ಮೇಲೆ, ಗೋಡೆಗೆ ಮುಖ ಮಾಡಿ. ಒಂದರ ಮೇಲೆ ಟವೆಲು, ಇನ್ನೊಂದರ ಮೇಲೆ ಯಾರದೋ ಶಾಲು. ಗಿಳಿಯ ಪಂಜರ ಕಿಟಕಿಯಲ್ಲಿ. ಮಧ್ಯದಲ್ಲಿ ಹುಡುಗಿಯ ಅಮ್ಮ, ನೀರಿನ ಬಾಟಲಿ ಹಿಡಿದುಕೊಂಡು.

“ಯಾರು ಮಾಡಿದ್ದು ಇದನ್ನ?”

“ನಾನೇ. ತಪ್ಪಾಯ್ತಾ?” ಅಂದಳು ಅಮ್ಮ. “ಬೆಕ್ಕಿಗೆ ನಾಯಿ ಕಾಣ್ದೇ ಇದ್ರೆ ಸಾಕು ಅನ್ನಿಸ್ತು. ನಮ್ಮನೇಲೂ ಅಷ್ಟೇ, ಇವಳಿಗೂ ಇವಳಪ್ಪಂಗೂ ಜಗಳ ಆದ್ರೆ ಮಧ್ಯದ ಬಾಗ್ಲು ಹಾಕ್ಬಿಡ್ತೀನಿ.”

ಡಾಕ್ಟರಮ್ಮ ಟವೆಲಿನ ತುದಿ ಎತ್ತಿ ಬುಟ್ಟಿಯೊಳಗೆ ಇಣುಕಿದರು. “ಆಂಟಿ, ನಿಮಗೆ ಕೆಲಸ ಬೇಕಾ?”

ನೋಡಿ, ಒಂದೇ ಮಾತು ಕೊಟ್ಟಿದ್ದೆ. ಕೊಟ್ಟ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಆಡಿದಳು.

೨

ಆದ್ದರಿಂದ ಈಗ ಇದು ನಲವತ್ತೊಂಬತ್ತು ವರ್ಷದವಳ ಮೊದಲ ಕೆಲಸದ ಕಥೆ. ಹುಡುಗಿ ಮನೆಯಲ್ಲಿ ಬೇರೆ ಕಡೆಗೆಲ್ಲ ಅರ್ಜಿ ಹಾಕುತ್ತಿದ್ದಾಳೆ. ವಾಸನೆಯಿಲ್ಲದ ಕಡೆಗೆ.

ಒಂದು ವಾರದ ಟ್ರಯಲ್. ಸೋಮವಾರದಿಂದ ಶನಿವಾರ. “ಶನಿವಾರ ಮಧ್ಯಾಹ್ನ ಹೇಳ್ತೀನಿ, ಇಟ್ಕೊಳ್ಳೋದೋ ಇಲ್ವೋ ಅಂತ” ಎಂದಿದ್ದರು ಡಾಕ್ಟರಮ್ಮ. ಮನೆಯಲ್ಲಿ ಗಂಡನಿಗೆ ವಿಷಯ ತಿಳಿಸಿದ ದೃಶ್ಯವನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ.

“ನಾಯಿ ಆಸ್ಪತ್ರೇಲಾ?”

“ಪ್ರಾಣಿ ಆಸ್ಪತ್ರೇಲಿ.”

“ಯಾಕೆ, ಮನೇಲಿ ನಾವಿಲ್ವಾ ನೋಡ್ಕೊಳ್ಳೋಕೆ?”

“ಅಪ್ಪಾ,” ಮಗಳು ಫೋನಿನಿಂದ ತಲೆಯೆತ್ತದೆ ಹೇಳಿದಳು, “ಅಲ್ಲಿ ಕಚ್ಚೋರಿಗೆ ಬಾಯಿ ಕಟ್ತಾರಂತೆ.”

“ಶನಿವಾರದ ತನಕ ನೋಡೋಣ ಬಿಡು,” ಎಂದ ಗಂಡ. “ಬುಧವಾರಕ್ಕೇ ಸೊಂಟ ಹಿಡ್ಕೊಂಡು ವಾಪಸ್ ಬರ್ತೀಯ.” ಕೆಟ್ಟ ಮನುಷ್ಯನಲ್ಲ. ಅವನನ್ನು ಕೆಟ್ಟವನನ್ನಾಗಿ ಮಾಡಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು.

ಇದಾದ ಮೇಲೆ ನಾನೊಂದು ಪ್ಯಾರಾ ಬರೆದೆ. ಆಸೆಪಟ್ಟು ಬರೆದದ್ದು. ‘ಅವಳ ಒಳಗೂ ಒಂದು ಆಕಾಶವಿತ್ತು. ಮಡಚಿಟ್ಟ ರೆಕ್ಕೆಗಳು ಅಂದು ಮೊದಲ ಬಾರಿಗೆ...’

“ತೆಗಿ ಅದನ್ನ,” ಅಂದಳು ಅಮ್ಮ, ಪುಟದೊಳಗಿನಿಂದಲೇ.

“ಯಾಕೆ? ಚೆನ್ನಾಗಿದೆಯಲ್ಲ.”

“ರೆಕ್ಕೆ ಇರೋದು ಗಿಳಿಗೆ. ಅದಕ್ಕೂ ಕತ್ತರಿಸಿದಾರೆ. ನಂಗೆ ರೆಕ್ಕೆಗಿಕ್ಕೆ ಏನೂ ಬೇಡ.”

“ಹಾಗಾದ್ರೆ ಈ ಕೆಲಸ ಯಾಕೆ ಬೇಕು ನಿಂಗೆ? ಓದುಗರಿಗೆ ಹೇಳಬೇಕಲ್ಲ ನಾನು.”

ಅವಳ ಕೈ ಸೆರಗಿಗೆ ಹೋಯಿತು. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಯೋಚಿಸುವಾಗ ಇಬ್ಬರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತೇವೆ.

“ನೋಡು, ಮನೇಲಿ ನಾನು ಏನು ಮಾಡ್ತೀನಿ ಅಂತ ಗೊತ್ತಾಗೋದು ನಾನು ಮಾಡದೇ ಇದ್ದಾಗ. ಟವೆಲ್ ಇಲ್ಲ ಅಂದ್ರೆ ಕೂಗ್ತಾರೆ. ಇದ್ರೆ ಮುಖ ಒರಸ್ಕೊಂಡು ಹೋಗ್ತಾರೆ. ಅವತ್ತು ಆ ಬುಟ್ಟಿ ಮೇಲೆ ಒಂದು ಬಟ್ಟೆ ಮುಚ್ಚಿದೆ. ಅಷ್ಟೇ ನಾನು ಮಾಡಿದ್ದು. ಅವರು ಮಾಡ್ತಿದ್ದ ಕೆಲಸ ಬಿಟ್ಟು ಹೊರಗೆ ಬಂದು ‘ಯಾರು ಮಾಡಿದ್ದು ಇದನ್ನ’ ಅಂತ ಕೇಳಿದ್ರು. ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.”

ರೆಕ್ಕೆಯ ಪ್ಯಾರಾ ಹೊಡೆದುಹಾಕಿದೆ.

೩ ಐದು ದಿನದಲ್ಲಿ ಅವಳು ಕಲಿತದ್ದು

ಕ. ಇಲ್ಲಿ ಎಲ್ಲರೂ ಯಾರದೋ ಅಪ್ಪ, ಯಾರದೋ ಅಮ್ಮ. “ಮಿಂಚು ಅಪ್ಪ ಯಾರು?” ಎಂದು ಕೂಗಿದರೆ ಬ್ಯಾಂಕ್ ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತ ಎದ್ದು ನಿಲ್ಲುತ್ತಾರೆ.

ಖ. ಬೆಕ್ಕಿಗೆ ಮಾತ್ರೆ ನುಂಗಿಸಲು ಎರಡು ಕೈ ಸಾಲದು. ಅದು ನುಂಗಿದೆ ಎಂದು ನಂಬಲು ಅರ್ಧ ಗಂಟೆ ಬೇಕು. ಆಮೇಲೂ ನಂಬಬಾರದು.

ಗ. (ಗಿಳಿ ಅಂದದ್ದು. ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.)

ಘ. “ಏನೂ ತಿಂದಿಲ್ಲ ಡಾಕ್ಟ್ರೇ, ಹೀಗೇ ವಾಂತಿ ಮಾಡ್ತಿದೆ” ಎನ್ನುವವರ ನಾಯಿಯ ಎಕ್ಸ್‌ರೇಯಲ್ಲಿ ಒಂದು ಕಾಲುಚೀಲ ಸ್ಪಷ್ಟವಾಗಿ ಕಾಣುತ್ತದೆ. ಪ್ರಾಣಿಗಳು ಸುಳ್ಳು ಹೇಳುವುದಿಲ್ಲ. ಕರೆದುಕೊಂಡು ಬಂದವರು ಹೇಳುತ್ತಾರೆ.

ಇದಿಷ್ಟನ್ನು ಅವಳೇ ಕಲಿತಳು. ಡಾಕ್ಟರಮ್ಮ ಬಾಯಿಬಿಟ್ಟು ಕಲಿಸಿದ್ದು ಒಂದೇ, ಅದೂ ಮೊದಲ ದಿನವೇ. “ಬೇರೆ ಏನು ತಪ್ಪಾದ್ರೂ ಸರಿಮಾಡ್ಕೋಬಹುದು ಆಂಟಿ. ತೂಕ ಮಾತ್ರ ತಪ್ಪಬಾರದು. ಎಷ್ಟು ಔಷಧಿ ಕೊಡ್ಬೇಕು ಅನ್ನೋದೆಲ್ಲ ತೂಕದ ಮೇಲೇ.”

ತೂಕದ ಮೆಶಿನ್ನು ಕಾಯುವವರ ಕೋಣೆಯಲ್ಲೇ ಇತ್ತು. ಕೆಳಗೆ ಅಗಲವಾದ ಹಲಗೆ, ಮೇಲೆ ಗೋಡೆಯಲ್ಲಿ ಕೆಂಪು ಅಂಕಿ. ಬಸ್‌ಸ್ಟ್ಯಾಂಡಿನ ಗಡಿಯಾರದಷ್ಟು ದೊಡ್ಡ ಅಂಕಿ. ಕೂತವರೆಲ್ಲರಿಗೂ ಕಾಣಬೇಕು ಎಂದೇ ಯಾರೋ ಹಾಕಿಸಿದಂತಿತ್ತು. ಹಲಗೆಯ ಮೇಲೆ ನಿಲ್ಲಲು ಒಪ್ಪದ ನಾಯಿಗೆ ಬೇರೆ ಕ್ರಮವಿದೆ: ಯಾರಾದರೂ ಅದನ್ನು ಎತ್ತಿಕೊಂಡು ಹತ್ತಬೇಕು, ಒಟ್ಟು ತೂಕ ಬರೆದುಕೊಳ್ಳಬೇಕು. ಆಮೇಲೆ ನಾಯಿಯನ್ನು ಇಳಿಸಿ ತಾನೊಬ್ಬರೇ ಹತ್ತಬೇಕು. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ನಾಯಿ. ಸಾಮಾನ್ಯವಾಗಿ ನಾಯಿ ತಂದವರೇ ಎತ್ತಿಕೊಳ್ಳುತ್ತಾರೆ. ಶುಕ್ರವಾರದವರೆಗೆ ಹಾಗೇ ನಡೆಯಿತು.

೪ ಶನಿವಾರ, ಬೆಳಗ್ಗೆ ಹನ್ನೊಂದು

ಟೈಲರ್ ಬಂದರು. ಅರವತ್ತರ ಆಸುಪಾಸು, ಕಿವಿಯ ಹಿಂದೆ ಸೀಮೆಸುಣ್ಣ, ಸೊಂಟಕ್ಕೆ ಬೆಲ್ಟು. ಜೊತೆಯಲ್ಲಿ ಗುಂಡಿ. ಅದು ಅವರ ನಾಯಿ. ಕಂಬಳಿ ಹೊದ್ದು ನಡೆದಾಡಿದಂತೆ ಮೈತುಂಬ ಕೂದಲು. ಮುಂದೆ ಯಾವುದು ಹಿಂದೆ ಯಾವುದು ಎಂದು ತಿಳಿಯಲು ಅದು ಆಕಳಿಸುವವರೆಗೆ ಕಾಯಬೇಕು. ಒಂದು ದವಡೆಹಲ್ಲು ಕೊಳೆತಿದೆ. ಅರಿವಳಿಕೆ ಕೊಟ್ಟು ಕೀಳಬೇಕು. ಈ ಕ್ಲಿನಿಕ್ಕಿಗೆ ಇದೇ ಮೊದಲು, ಹಳೆಯ ಕಾರ್ಡಿಲ್ಲ.

ಗುಂಡಿ ಹಲಗೆಯ ಅಂಚನ್ನು ಮೂಸಿ ನೋಡಿ ಮಲಗಿಬಿಟ್ಟಿತು.

“ನಂಗೆ ಎತ್ತಕ್ಕಾಗಲ್ಲಮ್ಮಾ, ಡಿಸ್ಕು” ಎಂದು ಟೈಲರ್ ಬೆಲ್ಟು ತೋರಿಸಿದರು.

“ಇರಲಿ ಬಿಡಿ, ನಾನೇ ಎತ್ಕೋತೀನಿ,” ಅಂದಳು ಅವಳು. ಸೆರಗು ಸಿಕ್ಕಿಸಿ, ಮೊಣಕಾಲೂರಿ, ಗುಂಡಿಯ ಹೊಟ್ಟೆಯ ಕೆಳಗೆ ಕೈಹಾಕಿ ಒಂದೇ ಉಸಿರಿಗೆ ಎದ್ದು ನಿಂತಳು. ಕೂದಲ ಹಿಂದಿನಿಂದ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಗೋಡೆಯ ಮೇಲೆ ಕೆಂಪಗೆ ಬಂತು: ೯೪.

ನಾಯಿಯನ್ನು ಇಳಿಸಿದಳು. ಇನ್ನು ಅವಳೊಬ್ಬಳೇ ಹತ್ತಬೇಕು.

ಎದುರಿಗೆ ಏಳು ಕುರ್ಚಿ, ಏಳರಲ್ಲೂ ಜನ. ಬೆಕ್ಕು ತಂದಿದ್ದ ರಿಟೈರ್ಡ್ ಟೀಚರು ಓದುತ್ತಿದ್ದ ಪೇಪರನ್ನು ಮಡಚಿದರು. ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದರು. ಪಾಪ, ಯಾವ ಕೆಟ್ಟ ಉದ್ದೇಶದಿಂದಲೂ ಅಲ್ಲ. ಬೇರೆ ನೋಡಲು ಅಲ್ಲಿ ಏನೂ ಇರಲಿಲ್ಲ.

ಅವಳು ಹತ್ತಲಿಲ್ಲ. ಚೀಟಿ ತೆಗೆದು ನೆನಪಿನಿಂದಲೇ ಬರೆದಳು: ೯೪ ರಲ್ಲಿ ೫೮ ಕಳೆದರೆ ೩೬.

(ಐವತ್ತೆಂಟು ಸುಳ್ಳಲ್ಲ. ಅದು ಅವಳ ತೂಕವೇ. ಮಗಳು ಹುಟ್ಟಿದ ಎರಡನೆಯ ವರ್ಷ ಯಾವುದೋ ಲಸಿಕೆ ಶಿಬಿರದಲ್ಲಿ ತೂಗಿದ್ದು. ಆಮೇಲೆ ಯಾರು ಕೇಳಿದರೂ ಅದನ್ನೇ ಹೇಳಿದಳು. ಹುಟ್ಟಿದ ತಾರೀಖಿನ ಹಾಗೆ, ಒಮ್ಮೆ ಗೊತ್ತಾದರೆ ಮುಗಿಯಿತು, ಮತ್ತೆ ಮತ್ತೆ ನೋಡುವಂಥದ್ದಲ್ಲ. ನಗಬೇಡಿ. ನನ್ನದು ಅರವತ್ತೊಂದು. ಯಾವ ಇಸವಿಯದು ಎಂದು ಕೇಳಬೇಡಿ.)

ನಾನು ಅವಳನ್ನು ತಡೆಯಬಹುದಿತ್ತು. ‘ಅವಳು ಹಲಗೆ ಹತ್ತಿದಳು’, ಮೂರೇ ಪದ. ಬರೆಯಲಿಲ್ಲ. ಏಳು ಜನರ ಎದುರಿಗೆ ನಾನೂ ಹತ್ತುತ್ತಿರಲಿಲ್ಲ.

೫

ಡಾಕ್ಟರಮ್ಮ ಚೀಟಿ ನೋಡಿದರು. “ಮೂವತ್ತಾರು. ಹ್ಞೂಂ.” ಗುಂಡಿಯನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟು ಕೂದಲಿಗೆ ಮೂವತ್ತಾರು ಹೆಚ್ಚೇನೂ ಅನಿಸಲಿಲ್ಲ. ಲೆಕ್ಕ ಮಾಡಿ ಸಿರಿಂಜಿಗೆ ಔಷಧಿ ಎಳೆದುಕೊಳ್ಳತೊಡಗಿದರು.

“ಮುಂಗಾಲು ಬಿಗಿಯಾಗಿ ಹಿಡ್ಕೊಳ್ಳಿ ಆಂಟಿ. ಸೂಜಿ ಚುಚ್ಚೋ ಕಡೆ ಕೂದಲು ತೆಗೀತೀನಿ.”

ಟ್ರಿಮ್ಮರು ಗುಯ್ಗುಟ್ಟಿತು. ಕೂದಲು ಕಂತೆ ಕಂತೆಯಾಗಿ ಬಿತ್ತು. ಒಳಗಿನಿಂದ ಒಂದು ಕಾಲು ಬಂತು. ಅವಳು ಬೆಚ್ಚಿದಳು. ಇಷ್ಟೇನಾ? ಮಗಳ ಮಣಿಕಟ್ಟಿನಷ್ಟು ಸಪೂರ. ಇನ್ನೊಂದು ಕೈಯನ್ನು ಪಕ್ಕೆಯ ಮೇಲೆ ಆಡಿಸಿದಳು. ಕೂದಲು, ಕೂದಲು, ಆಮೇಲೆ ಎಣಿಸಬಹುದಾದ ಎಲುಬು. ಈ ಕಂಬಳಿಯೊಳಗೆ ಮೂವತ್ತಾರು ಕಿಲೋ ನಾಯಿ ಇರಲಿಲ್ಲ. ಉಳಿದದ್ದು ಎಲ್ಲಿ ಎನ್ನುವುದು ಈ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದು ಅವಳ ಮೈಮೇಲಿತ್ತು.

“ಏನಾದ್ರೂ ಮಾಡು,” ಎಂದು ಅವಳು ನನ್ನ ಕಡೆ ತಿರುಗಿದಳು. ಬಾಯಿ ಅಲುಗಿಸದೆ, ಹೆಂಗಸರು ಮದುವೆಮನೆಯ ಫೋಟೋದಲ್ಲಿ ಮಾತಾಡುವ ಹಾಗೆ. “ಮೆಶಿನ್ ಕೆಟ್ಟಿದೆ ಅಂತ ಬರಿ.”

ಬರೆದೆ. ‘ಆಗಲೇ ಅವಳಿಗೆ ಹೊಳೆಯಿತು, ಮೆಶಿನ್ನು ಕೆಟ್ಟಿರಬೇಕು...’

“ಅಯ್ಯೋ ಬೇಡ, ಹೊಡೆದುಹಾಕು. ಮೆಶಿನ್ ಕೆಟ್ಟಿದೆ ಅಂದ್ರೆ ಬೆಳಗ್ಗೆಯಿಂದ ತೂಗಿದ ಅಷ್ಟೂ ಪ್ರಾಣಿಗಳನ್ನ ವಾಪಸ್ ಕರೆಸ್ತಾರೆ. ಎಲ್ಲರಿಗೂ ಫೋನ್ ಮಾಡೋಳು ಯಾರು? ನಾನೇ.”

“ಹಾಗಾದ್ರೆ ನಾಯಿ ಕೈಜಾರಿತು ಅನ್ನು. ಇನ್ನೊಂದು ಸಲ ತೂಗೋಣ ಅನ್ನು.”

“ಮತ್ತೆ ಎತ್ಕೊಂಡ್ರೂ ಕೊನೆಗೆ ಇಳಿಸಿ ನಾನೊಬ್ಳೇ ಹತ್ಬೇಕಲ್ಲ?”

“ಸುಮ್ನಿದ್ದುಬಿಡು. ಡಾಕ್ಟರು ಅಂದ್ಮೇಲೆ ನೋಡಿ ನೋಡಿ ಕೊಡ್ತಾರೆ.”

ಇದನ್ನು ಹೇಳಿದ್ದು ನಾನೇ. ಅಳಿಸಬಹುದಿತ್ತು, ಇರಲಿ ಎಂದು ಬಿಟ್ಟಿದ್ದೇನೆ. ಅವಳು ನನ್ನ ಮುಖ ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

ಇವತ್ತು ಶನಿವಾರ. ಇನ್ನೆರಡು ಗಂಟೆ ಸುಮ್ಮನಿದ್ದರೆ ಕೆಲಸ ಖಾಯಂ ಆಗುವುದು ಬಹುತೇಕ ಖಚಿತವಿತ್ತು. ಬಾಯಿಬಿಟ್ಟರೆ, ತಪ್ಪಬಾರದ ಒಂದೇ ಒಂದನ್ನು ತಪ್ಪಿದವಳಾಗುತ್ತಾಳೆ. ಸೂಜಿ ಚರ್ಮದ ಹತ್ತಿರ ಬಂತು.

“ಮೇಡಂ, ನಿಲ್ಲಿ. ಅದು ನನ್ನ ತೂಕ ಅಲ್ಲ.”

“ಯಾವುದು?”

“ಐವತ್ತೆಂಟು.”

“ಮತ್ಯಾರದು?”

“ನಂದೇ. ಆದ್ರೆ ಹಳೇದು.”

“ಎಷ್ಟು ಹಳೇದು?”

“ಇಪ್ಪತ್ತು ವರ್ಷದ್ದು.”

ಡಾಕ್ಟರಮ್ಮ ಸೂಜಿಗೆ ಮುಚ್ಚಳ ಹಾಕಿದರು. ಟ್ರೇಯಲ್ಲಿಟ್ಟರು. “ಬನ್ನಿ” ಎಂದು ಮುಂದೆ ನಡೆದರು.

ಅವಳು ಹಲಗೆ ಹತ್ತಿದಳು. ಚಪ್ಪಲಿ ಬಿಡಲೂ ಇಲ್ಲ. ಗೋಡೆಯ ಮೇಲೆ, ಬಸ್‌ಸ್ಟ್ಯಾಂಡಿನ ಗಡಿಯಾರದಷ್ಟು ದೊಡ್ಡದಾಗಿ: ೬೮.

ಯಾರೂ ನಗಲಿಲ್ಲ. ಟೀಚರಮ್ಮ ಮಾತ್ರ “ಚಪ್ಪಲಿದು ಅರ್ಧ ಕಿಲೋ ಇರತ್ತೆ ಬಿಡಿ” ಎಂದರು.

“ಅರವತ್ತೆಂಟು,” ಟೈಲರ್ ತಲೆದೂಗಿದರು. “ನಾನೂ ಅಷ್ಟೇ ಅಂದ್ಕೊಂಡಿದ್ದೆ.”

ಡಾಕ್ಟರಮ್ಮ ಗಕ್ಕನೆ ತಿರುಗಿದರು. “ನಿಮಗೆ ಗೊತ್ತಿತ್ತಾ? ಇವರು ಐವತ್ತೆಂಟು ಅಂತ ಬರೀವಾಗ ನೋಡ್ತಿದ್ರಾ?”

“ಪಕ್ಕದಲ್ಲೇ ನಿಂತಿದ್ನಲ್ಲ ಮೇಡಂ.”

“ಮತ್ತೆ ಹೇಳ್ಬಾರ್ದಾ? ನಿಮ್ಮ ನಾಯಿ ಕಣ್ರೀ ಅದು!”

“ಹೆಂಗಸರ ಅಳತೆ ನಾವು ಬಾಯಲ್ಲಿ ಹೇಳಲ್ಲ ಮೇಡಂ,” ಎಂದರು ಟೈಲರ್, ಸ್ವಲ್ಪ ನೊಂದುಕೊಂಡು. “ಅವರು ಮೂವತ್ತನಾಲ್ಕು ಅಂತಾರೆ, ನಾವು ಹ್ಞೂಂ ಅಂತೀವಿ. ಹೊಲಿಯೋದು ಟೇಪ್ ನೋಡಿ. ಅಂಗಡಿಯೊಳಗೆ ಮೂವತ್ತೈದು ವರ್ಷದಿಂದ ಇದೇ ಪದ್ಧತಿ. ಯಾವತ್ತೂ ತೊಂದರೆ ಆಗಿರಲಿಲ್ಲ.”

ಡಾಕ್ಟರಮ್ಮ ಒಳಗೆ ಹೋಗಿ ಇಪ್ಪತ್ತಾರು ಕಿಲೋಗೆ ಹೊಸದಾಗಿ ಲೆಕ್ಕ ಮಾಡಿದರು. ಸಿರಿಂಜಿನಲ್ಲಿದ್ದ ಔಷಧಿಯಲ್ಲಿ ಹೆಚ್ಚಾದದ್ದನ್ನು ಹೊರಗೆ ಚೆಲ್ಲಿದರು. ಎಷ್ಟು ಚೆಲ್ಲಿದರು ಎನ್ನುವುದನ್ನು ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು.

ಹಲ್ಲು ಬಂತು. ಬೇರುಸಮೇತ.

೬ ಮುಕ್ತಾಯಗಳು

ಕೈಗವಸು ಕಳಚುತ್ತ ಡಾಕ್ಟರಮ್ಮ ಹೇಳಿದ್ದು ಇಷ್ಟೇ: “ಅದು ಏಳೋವರೆಗೂ ಪಕ್ಕದಲ್ಲಿ ಕೂತಿರಿ. ಉಸಿರು ನೋಡ್ತಿರಿ. ತಲೆ ಎತ್ತಿದ ತಕ್ಷಣ ಕರೀರಿ. ಆಮೇಲೆ ನಿಮ್ಮ ವಿಷಯ ಮಾತಾಡೋಣ.” ದನಿಯಲ್ಲಿ ಸಿಟ್ಟಿತ್ತೋ ದಣಿವಿತ್ತೋ ತಿಳಿಯಲಿಲ್ಲ. ಬಾಗಿಲು ಹಾಕಿಕೊಂಡು ಹೋದರು.

ಒಳಕೋಣೆಯಲ್ಲಿ ನೆಲದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಗುಂಡಿ, ಪಕ್ಕದಲ್ಲಿ ಕಾಲು ಚಾಚಿ ಅವಳು. ಫೋನು ಎರಡು ಸಲ ಗುರುಗುಟ್ಟಿತು. ಗಂಡ. ಫೋನನ್ನು ಬೋರಲಾಗಿ ಇಟ್ಟಳು. ನಾನು ಕೆಲಸ ಶುರು ಮಾಡಿದೆ.

ಮುಕ್ತಾಯ ಒಂದು: ನಾಯಿ ತಲೆಯೆತ್ತುತ್ತದೆ. ಡಾಕ್ಟರಮ್ಮ, “ಸಾರಿ ಆಂಟಿ, ತೂಕದ ವಿಷಯದಲ್ಲಿ ನಾನು ರಿಸ್ಕ್ ತಗೊಳ್ಳಲ್ಲ” ಎನ್ನುತ್ತಾರೆ. ಅವಳು ಮನೆಗೆ ಹೋಗುತ್ತಾಳೆ. ಗಂಡ ಏನೂ ಅನ್ನುವುದಿಲ್ಲ. ಅವನು ಏನೂ ಅನ್ನದಿರುವುದು...

“ಬೇಡ.”

ಮುಕ್ತಾಯ ಎರಡು: ಡಾಕ್ಟರಮ್ಮ ಅವಳನ್ನು ಅಪ್ಪಿಕೊಂಡು, “ನಿಮ್ಮಂಥ ಪ್ರಾಮಾಣಿಕರೇ ನಮಗೆ ಬೇಕು”...

“ಅವರು ಬೆಕ್ಕನ್ನೇ ಅಪ್ಪಿಕೊಳ್ಳಲ್ಲ. ನನ್ನನ್ನ ಅಪ್ಪಿಕೊಳ್ತಾರಾ?”

ಮುಕ್ತಾಯ ಮೂರು: ಸಂಜೆ ಕ್ಲಿನಿಕ್ಕು ಮುಚ್ಚುವ ಮುಂಚೆ ಡಾಕ್ಟರಮ್ಮ ತಾವೇ ಹಲಗೆ ಹತ್ತುತ್ತಾರೆ. ಇಬ್ಬರೂ ಅಂಕಿ ನೋಡಿ ನಗುತ್ತಾರೆ. (ಇದು ನನಗೆ ತುಂಬ ಇಷ್ಟವಾಗಿತ್ತು. ಅವಳಿಗೆ ತೋರಿಸುವ ಮೊದಲೇ ಹೊಡೆದುಹಾಕಿದೆ. ನಾಚಿಕೆಯಾಯಿತು.)

“ಹಾಗಾದರೆ ನೀನೇ ಹೇಳು,” ಎಂದೆ. “ಪುಟ ಮುಗೀತಾ ಬಂತು. ನಾಯಿ ಎದ್ದಿತು ಅಂತ ಬರೀಲಾ? ಎದ್ದರೆ ತಾನೇ ಅವರು ಬರೋದು, ಹೇಳೋದು.”

“ಅದಕ್ಕೇ ಬರೀಬೇಡ ಅನ್ನೋದು.”

“ಯಾಕೆ?”

“ಅದು ಏಳೋ ತನಕ ನಾನು ಕೆಲಸದಲ್ಲಿದೀನಿ.”

ಅವಳು ಗುಂಡಿಯ ಪಕ್ಕೆಯ ಮೇಲೆ ಅಂಗೈಯಿಟ್ಟಿದ್ದಳು. ಅದು ಏರುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಕಾರ್ಡಿನಲ್ಲಿ ಉಸಿರಿನ ಸಂಖ್ಯೆ ಬರೆಯುತ್ತಿದ್ದಳು, ದುಂಡಗಿನ ಅಕ್ಷರದಲ್ಲಿ. ಯಾರೂ ಬರೆಯಿರಿ ಎಂದಿರಲಿಲ್ಲ. ಹೊರಗೆ ಯಾವುದೋ ನಾಯಿ ಊಳಿಡತೊಡಗಿತು, ಯಾರೋ ಗದರಿದರು.

“ಬೆಕ್ಕಿನ ಬುಟ್ಟಿ ಮತ್ತೆ ಕೆಳಗಿಟ್ಟಿರಬೇಕು,” ಎಂದು ಗೊಣಗಿದಳು. ಆದರೆ ಏಳಲಿಲ್ಲ.

ಬಾಗಿಲಾಚೆ ಹೆಜ್ಜೆ ಸಪ್ಪಳ ಬಂತು, ನಿಂತಿತು, ಹಿಂದಕ್ಕೆ ಹೋಯಿತು.

ಅವಳು ಕಾರ್ಡಿನ ಮೇಲೆ ಬಗ್ಗಿದ್ದಾಗ ಗುಂಡಿಯ ಎಡಗಿವಿ ಒಮ್ಮೆ ಅಲುಗಿತು. ನಾನು ನೋಡಿದೆ. ಓದುತ್ತಿರುವ ನೀವೂ ನೋಡಿದ್ದೀರಿ. ದಯವಿಟ್ಟು ಈಗಲೇ ಅವಳಿಗೆ ಹೇಳಬೇಡಿ.